ಕಾಲು ಮುಂದಾಗಿ ಹುಟ್ಟಿದವಳು

ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ನಂಬುವವರನ್ನು ಗೇಲಿ ಮಾಡುತ್ತಿದ್ದವಳು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ, ಗೇಲಿ ಮಾಡುವುದನ್ನು ಮಾತ್ರ ಬಿಟ್ಟಿದ್ದೇನೆ.

ನಾನು ಹುಟ್ಟುವಾಗ ಕಾಲು ಮೊದಲು ಬಂತಂತೆ. ಅಂಥವರ ಕಾಲು ತಾಗಿದರೆ ಸೊಂಟದ ಉಳುಕು ಹೋಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಹಲಸೂರಿನ ನಮ್ಮ ಬೀದಿಗೆಲ್ಲ ಈ ಸುದ್ದಿ ಗೊತ್ತಿತ್ತು. ಬೆಳಗ್ಗೆ ನಾನು ಹಲ್ಲುಜ್ಜುವ ಮೊದಲೇ ಯಾರಾದರೊಬ್ಬರು ಜಗಲಿಯ ಮೇಲೆ ಬೋರಲು ಮಲಗಿರುತ್ತಿದ್ದರು. ಎದುರುಮನೆಯ ತಮಿಳು ಅಜ್ಜಿ, ಶಿವಾಜಿನಗರದಿಂದ ಬರುತ್ತಿದ್ದ ಟೈಲರ್ ಸಾಬರು, ಒಮ್ಮೆ ನಮ್ಮ ಸ್ಕೂಲಿನ ಪಿ.ಟಿ. ಮೇಷ್ಟ್ರು. ಮೂರು ಸಲ ಎಡಗಾಲು ಮುಟ್ಟಿಸುವುದು ನನ್ನ ಕೆಲಸ. ಮೇಷ್ಟ್ರಿಗೆ ಸ್ವಲ್ಪ ಜೋರಾಗಿಯೇ ಮುಟ್ಟಿಸಿದ್ದೆ. ಸಾಬರು ತರುತ್ತಿದ್ದ ಬಣ್ಣದ ಬಟ್ಟೆಚೂರುಗಳಲ್ಲಿ ನನ್ನ ಗೊಂಬೆಗೆ ಲಂಗವಾಗುತ್ತಿತ್ತು. ಆ ಬೆಳಗುಗಳನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ.

ಮುಂದೆ ನಾನು ಓದಿದ್ದೂ ನೋವನ್ನೇ. ನರಕೋಶದ ಪೊರೆಯಲ್ಲಿ ಸಣ್ಣ ಬಾಗಿಲುಗಳಿರುತ್ತವೆ, ಅಯಾನ್ ಚಾನೆಲ್ ಎನ್ನುತ್ತೇವೆ. ಅವು ತೆರೆದು ಸೋಡಿಯಂ ಒಳನುಗ್ಗಿದರೆ ನೋವಿನ ಸುದ್ದಿ ಮಿದುಳಿಗೆ ಹೊರಡುತ್ತದೆ. ಇಪ್ಪತ್ತು ವರ್ಷ, ಕೂದಲಿಗಿಂತ ತೆಳುವಾದ ಗಾಜಿನ ನಳಿಗೆಯ ತುದಿಯನ್ನು ಒಂದೊಂದೇ ಕೋಶಕ್ಕೆ ಅಂಟಿಸಿ, ಉಸಿರು ಬಿಗಿಹಿಡಿದು ಆ ಬಾಗಿಲುಗಳನ್ನು ಕಾದಿದ್ದೇನೆ. ಲ್ಯಾಬಿನಲ್ಲಿ ನನ್ನ ಕಾಲಿನ ಕಥೆಯನ್ನು ಯಾರಿಗೂ ಹೇಳಲಿಲ್ಲ.

ಆಮೇಲೆ ಅಮ್ಮನ ಸೊಂಟ ಹಿಡಿದುಕೊಂಡಿತು. ಆಗ ಅವಳು ಕಲ್ಯಾಣ ನಗರದಲ್ಲಿ ನನ್ನ ಜೊತೆಗಿದ್ದಳು. ಸ್ಕ್ಯಾನಿನಲ್ಲಿ ದೊಡ್ಡದೇನೂ ಕಾಣಲಿಲ್ಲ. ಮಾತ್ರೆ, ಫಿಸಿಯೋಥೆರಪಿ ಯಾವುದಕ್ಕೂ ನೋವು ಬಗ್ಗಲಿಲ್ಲ. ಮೂರು ವಾರ ಬಾತ್‌ರೂಮಿಗೂ ನಾನೇ ಹಿಡಿದು ನಡೆಸಿದೆ. ಅವಳು ಅಳುವಾಗ ನನ್ನ ಓದಿನ ಬಗ್ಗೆ ನನಗೇ ನಾಚಿಕೆಯಾಗುತ್ತಿತ್ತು.

ಒಂದು ಬೆಳಗ್ಗೆ ಅಮ್ಮ ಕೇಳಿದಳು: "ಒಂದ್ಸಲ ಕಾಲ್ ಮುಟ್ಸೇ. ಬೀದಿಯೋರ್ನೆಲ್ಲ ತುಳಿದೋಳು, ನಂಗ್ಯಾಕೆ ಆಗಲ್ಲ?"

ನಾನು ರೇಗಿಬಿಟ್ಟೆ. ಹೆತ್ತವಳಿಗೆ ಕಾಲು ತಾಗಿಸುವುದೇ ಎಂಬ ಅಳುಕೂ ಇತ್ತು, ಅದಕ್ಕಿಂತ ಹೆಚ್ಚಾಗಿ ಓದಿದವಳೆಂಬ ಜಂಬ. ಅಮ್ಮ ಊಟ ಬೇಡವೆಂದು ಗೋಡೆಯ ಕಡೆ ತಿರುಗಿ ಮಲಗಿದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಗಿಡವೇ ಮದ್ದಾಗಲು ಒಪ್ಪಲಿಲ್ಲ.

ಮಧ್ಯಾಹ್ನ ಹೊಸದೊಂದು ಮಾತ್ರೆ ಕೊಡಲು ಹೋದಾಗ ಅವಳು ದಿವಾನದ ಮೇಲೆ ಗೊರಕೆ ಹೊಡೆಯುತ್ತಿದ್ದಳು. ಎಬ್ಬಿಸಲು ಮನಸ್ಸಾಗಲಿಲ್ಲ. ಏನನ್ನಿಸಿತೋ ಏನೋ, ಕಿಟಕಿಯ ಸರಳು ಹಿಡಿದುಕೊಂಡು ಅವಳ ಸೊಂಟಕ್ಕೆ ಮೆಲ್ಲಗೆ ಮೂರು ಸಲ ಎಡಗಾಲು ಮುಟ್ಟಿಸಿದೆ. ತಕ್ಷಣ ಬಗ್ಗಿ ಅವಳ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಗೊರಕೆ ನಿಲ್ಲಲಿಲ್ಲ.

ನಾಲ್ಕು ಗಂಟೆಗೆ ಅಡುಗೆಮನೆಯಲ್ಲಿ ಸದ್ದಾಯಿತು. ಅಮ್ಮ ಒಲೆಯ ಮುಂದೆ ನಿಂತು ಕಾಫಿಗೆ ಹಾಲಿಟ್ಟಿದ್ದಳು. ಬಿದ್ದ ಚಮಚವನ್ನು ಸಲೀಸಾಗಿ ಬಗ್ಗಿ ಎತ್ತಿಕೊಂಡಳು.

"ನಿನ್ ಹೊಸ ಮಾತ್ರೆ ಚೆನ್ನಾಗ್ ಕೆಲ್ಸ ಮಾಡ್ತು ಕಣೇ," ಎಂದಳು. ನಿದ್ದೆಗಣ್ಣಿನಲ್ಲಿ ನುಂಗಿದೆನೆಂದು ಅವಳ ಲೆಕ್ಕ. ಮಾತ್ರೆ ಇನ್ನೂ ನನ್ನ ಕುರ್ತಾದ ಜೇಬಿನಲ್ಲೇ ಇತ್ತು.

ಆ ನೋವು ಮತ್ತೆ ಬರಲಿಲ್ಲ. ನಂಬಿಕೆಯಿಂದ ನೋವು ಇಳಿಯುವುದುಂಟು, ಅದು ನನಗೂ ಗೊತ್ತು. ಆದರೆ ನಂಬಲು ಎಚ್ಚರವಾದರೂ ಇರಬೇಕಲ್ಲ. ಮಗಳ ಮಾತ್ರೆಯ ಮಹಿಮೆಯನ್ನು ಅಮ್ಮ ನೆಂಟರಿಗೆಲ್ಲ ಸಾರಿದಳು.

ನಾಲ್ಕು ವರ್ಷದ ನಂತರ ಬೇರೆಯದೇ ಕಾಯಿಲೆಗೆ ಅಮ್ಮ ಆಸ್ಪತ್ರೆ ಸೇರಿದಳು. ಕೊನೆಯ ದಿನಗಳವು. ಈ ಸಲ ಅವಳು ಕೇಳಲಿಲ್ಲ, ಕಾಲು ಮುಟ್ಟಿಸಲೇ ಎಂದು ನಾನೇ ಕೇಳಿದೆ. ಅವಳು ನಕ್ಕು, ಕಷ್ಟಪಟ್ಟು ಮಗ್ಗುಲಾದಳು. ಮಂಚದ ಅಂಚಿಗೆ ಕೂತು ಮೂರು ಸಲ ಕಾಲು ಮುಟ್ಟಿಸಿದೆ.

"ಹೋಯ್ತು ಕಣೇ. ನೀನ್ ಹೋಗಿ ಊಟ ಮಾಡ್ಕೊಂಡ್ ಬಾ," ಎಂದಳು.

ಅವಳ ಕೈ ಹೊದಿಕೆಯನ್ನು ಬಿಗಿಯಾಗಿ ಹಿಡಿದಿತ್ತು. ನೋವು ಹೋಗಿರಲಿಲ್ಲ.

ಹಾಗಾದರೆ ಅವತ್ತು ಮಧ್ಯಾಹ್ನವೂ ಅಮ್ಮ ಎಚ್ಚರವಾಗಿದ್ದು, ನನಗಾಗಿಯೇ ಮಾತ್ರೆಯ ಹೆಸರು ಹೇಳಿದ್ದಳೇ? ಎಚ್ಚರವಾಗಿದ್ದರೂ, ಮೂರು ವಾರ ಏಳಲಾಗದವಳು ಅಷ್ಟು ಸಲೀಸಾಗಿ ಬಗ್ಗಿದ್ದು ಹೇಗೆ? ಆಗಲೇ ಕೇಳಬಹುದಿತ್ತು. ಕೇಳಲಿಲ್ಲ. ಅವಳು ಹೇಳಿದಂತೆ ಹೋಗಿ ಊಟ ಮಾಡಿಕೊಂಡು ಬಂದೆ.