ಸೊನ್ನೆಯಿಂದ ಶುರು ಮಾಡದ ಲೆಕ್ಕ

ಹೊಸದುರ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಾಗ ನಾನು ಅಂಚೆಯ ಮೂಲಕ ಕಂಪ್ಯೂಟರ್ ಭಾಷೆ ಕಲಿಯಲು ಹೆಸರು ಕೊಟ್ಟೆ. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಹೊಸದುರ್ಗ ಹಾಗಿರಲಿ, ಚಿತ್ರದುರ್ಗದಲ್ಲೂ ಕಂಪ್ಯೂಟರನ್ನು ಕಣ್ಣಾರೆ ಕಂಡವರು ಯಾರೂ ನನಗೆ ಗೊತ್ತಿರಲಿಲ್ಲ. ಪಿಯುಸಿಯಲ್ಲಿ ಗಣಿತಕ್ಕೆ ತರಗತಿಗೇ ಮೊದಲಿಗಳಾಗಿದ್ದೆ. ಅಪ್ಪ ತೀರಿಕೊಂಡ ವರ್ಷ ಈ ಕೆಲಸ ಸಿಕ್ಕಿತು, ಓದು ನಿಂತಿತು. ಅದು ನಿಂತೇಹೋಯಿತು ಅನ್ನುವುದನ್ನು ಮಾತ್ರ ನಾನು ಒಪ್ಪಿಕೊಂಡಿರಲಿಲ್ಲ. ಫೋರ್ಟ್ರಾನ್ ಎಂಬ ಭಾಷೆಯನ್ನು ಮನೆಯಲ್ಲೇ ಕೂತು ಕಲಿಯಬಹುದೆಂದು ಬೆಂಗಳೂರಿನ ಒಂದು ಸಂಸ್ಥೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ಅದನ್ನು ನೋಡಿದ ದಿನವೇ ಅರ್ಜಿ ಹಾಕಿದೆ.

ಮೊದಲ ಲಕೋಟೆ ಬಂದಾಗ ನಮ್ಮ ಸೂಪರ್‌ವೈಸರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಮಿಷಿನ್ನೇ ಇಲ್ದ ಊರಾಗೆ ಅದರ ಭಾಷೆ ಕಲ್ತು ಯಾರ ಜತೆ ಮಾತಾಡ್ತೀಯಮ್ಮ?" ಎಂದರು. ಸಂಸ್ಕೃತ ಕಲಿಯುವವರನ್ನು ಯಾರೂ ಹಾಗೆ ಕೇಳುವುದಿಲ್ಲವಲ್ಲ ಎಂದೆ. ಆಮೇಲೆ ಅವರು ನನ್ನ ಲಕೋಟೆಗಳನ್ನು ಮುಟ್ಟಲಿಲ್ಲ.

ಪಾಠದ ಜೊತೆ ಚೌಕುಳಿ ಹಾಕಿದ ದೊಡ್ಡ ಹಾಳೆಗಳು ಬರುತ್ತಿದ್ದವು. ಒಂದು ಸಾಲಿಗೆ ಎಂಬತ್ತು ಮನೆ, ಒಂದು ಮನೆಗೆ ಒಂದೇ ಅಕ್ಷರ. ಮೊದಲ ಆರು ಮನೆ ಬಿಟ್ಟು ಏಳನೆಯದರಿಂದ ಬರೆಯಬೇಕು. ಬೆಳಗಿನ ಪಾಳಿ ಮುಗಿಸಿ ಬಂದು, ಅವ್ವ ಬಡಿಸಿದ ಮುದ್ದೆ ಉಂಡು, ಟ್ರಂಕಿನ ಮೇಲೆ ಹಾಳೆ ಹರಡಿಕೊಂಡು ಕೂರುತ್ತಿದ್ದೆ. ಯಂತ್ರ ಇಲ್ಲದ್ದರಿಂದ ಯಂತ್ರದ ಕೆಲಸವನ್ನೂ ನಾನೇ ಮಾಡಬೇಕಿತ್ತು. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು, ಈಗ ಯಾವ ಹೆಸರಿನಲ್ಲಿ ಎಷ್ಟಿದೆ ಎಂದು ಸ್ಲೇಟಿನ ಮೇಲೆ ಬರೆದು ಅಳಿಸಿ ಬರೆಯುತ್ತಿದ್ದೆ.

ಮೂರನೆಯ ಪಾಠದಲ್ಲಿ N = N + 1 ಎಂಬ ಸಾಲು ಬಂತು. ಇದು ಸುಳ್ಳು ಅನ್ನಿಸಿತು. ಯಾವ ಸಂಖ್ಯೆಯೂ ತನಗಿಂತ ಒಂದು ಹೆಚ್ಚಾದ ಸಂಖ್ಯೆಗೆ ಸಮವಾಗಲು ಸಾಧ್ಯವಿಲ್ಲ ಎಂದು ಮೂರು ಪುಟ ಬರೆದು ಸಂಸ್ಥೆಗೆ ಕಳಿಸಿದೆ. ಎರಡು ವಾರ ಬಿಟ್ಟು, ಪಾಠ ತಿದ್ದುವವರಿಂದ ಕೆಂಪು ಶಾಯಿಯಲ್ಲಿ ಉತ್ತರ ಬಂತು. ಅದು ಸಮೀಕರಣ ಅಲ್ಲ, ಆಜ್ಞೆ. N ಎಂಬ ಡಬ್ಬಿಯಲ್ಲಿ ಇರುವುದನ್ನು ತೆಗೆದು, ಒಂದು ಕೂಡಿಸಿ, ಮತ್ತೆ ಅದೇ ಡಬ್ಬಿಗೆ ಹಾಕು ಎಂದರ್ಥ ಎಂದಿತ್ತು. ಅರ್ಥವಾಯಿತು, ಆದರೆ ಸಮಾಧಾನ ಆಗಲಿಲ್ಲ. ಹಾಗಿದ್ದರೆ ಸಮ ಚಿಹ್ನೆಯನ್ನು ಯಾಕೆ ಕದ್ದಿರಿ, ಬೇರೆ ಗುರುತು ಸಿಗಲಿಲ್ಲವೇ ಎಂದು ಮತ್ತೆ ಬರೆದೆ. ಬೇರೆ ಕೆಲವು ಭಾಷೆಗಳಲ್ಲಿ ಬೇರೆ ಗುರುತೇ ಇದೆ, ತಕರಾರು ನ್ಯಾಯವಾದದ್ದು, ದಯವಿಟ್ಟು ಮುಂದಿನ ಪಾಠಕ್ಕೆ ಹೋಗಿ ಎಂದು ಉತ್ತರ ಬಂತು.

ನಿಜವಾದ ಜಗಳ ಹತ್ತಿದ್ದು ಏಳನೆಯ ಪಾಠದಲ್ಲಿ. ಕೊಟ್ಟ ಸಂಖ್ಯೆಗಳಲ್ಲಿ ಅತಿ ದೊಡ್ಡದನ್ನು ಹುಡುಕುವ ಪ್ರೋಗ್ರಾಂ ಬರೆಯಬೇಕಿತ್ತು. ಪಟ್ಟಿಯ ಮೊದಲ ಸಂಖ್ಯೆಯನ್ನೇ ಸದ್ಯಕ್ಕೆ ದೊಡ್ಡದು ಎಂದಿಟ್ಟುಕೊಂಡು, ಉಳಿದವನ್ನು ಒಂದೊಂದಾಗಿ ಅದಕ್ಕೆ ಹೋಲಿಸುತ್ತ ಹೋಗುವಂತೆ ಬರೆದೆ. ಹಾಳೆ ಕೆಂಪು ಗೀಟು ಹೊತ್ತು ವಾಪಸ್ ಬಂತು. ಅವರ ಮಾದರಿ ಉತ್ತರ ಸೊನ್ನೆಯಿಂದ ಶುರುವಾಗುತ್ತಿತ್ತು: ಮೊದಲು ಸೊನ್ನೆಯನ್ನು ದೊಡ್ಡದೆಂದು ಇಟ್ಟುಕೊಂಡು, ಅದಕ್ಕಿಂತ ದೊಡ್ಡದು ಸಿಕ್ಕಾಗ ಬದಲಿಸುವುದು. ನನ್ನದು ಮಾದರಿಗೆ ಹೊಂದುವುದಿಲ್ಲ ಎಂದು ಅಂಕ ಕಳೆದಿದ್ದರು.

ಸ್ಲೇಟು ತೆಗೆದುಕೊಂಡು ಅವರ ಉತ್ತರವನ್ನೇ ಸಾಲುಸಾಲಾಗಿ ನಡೆಸಿ ನೋಡಿದೆ. ಎಲ್ಲ ಸಂಖ್ಯೆಗಳೂ ಸೊನ್ನೆಗಿಂತ ಕಡಿಮೆ ಇದ್ದರೆ ಅವರ ಪ್ರೋಗ್ರಾಂ ಪಟ್ಟಿಯಲ್ಲೇ ಇಲ್ಲದ ಸೊನ್ನೆಯನ್ನು ಉತ್ತರ ಎನ್ನುತ್ತಿತ್ತು. ಹಾಗೆಂದು ಬರೆದೆ. ಅಂಥ ಪಟ್ಟಿ ವ್ಯವಹಾರದಲ್ಲಿ ಬರುವುದಿಲ್ಲ ಎಂಬ ಉತ್ತರ ಬಂತು, ಈ ಸಲ ಟೈಪು ಮಾಡಿದ್ದು, ಕೆಳಗೆ ಸಂಸ್ಥೆಯ ಮುಖ್ಯಸ್ಥರ ಸಹಿ.

ನನ್ನ ಅಕ್ಕನ ಗಂಡ ಹಿರಿಯೂರಿನ ಹತ್ತಿರ ಮಾರಿಕಣಿವೆ ಅಣೆಕಟ್ಟಿನಲ್ಲಿ ದಿನಾ ನೀರಿನ ಮಟ್ಟ ನೋಡಿ ಬರೆಯುವ ಕೆಲಸದಲ್ಲಿದ್ದರು. ಭಾನುವಾರ ಬಸ್ಸು ಹತ್ತಿ ಅವರ ಮನೆಗೆ ಹೋಗಿ, ಬೇಸಿಗೆಯ ಹತ್ತು ದಿನ ನೀರು ಎಷ್ಟೆಷ್ಟು ಏರಿತು, ಇಳಿಯಿತು ಬರೆದುಕೊಡಿ ಭಾವ ಎಂದೆ. ಭಾವ ನಕ್ಕರು. "ಬ್ಯಾಸಿಗ್ಯಾಗೆ ಏರೋದು ಎಲ್ಲೈತೆ? ಬರೇ ಇಳಿಯೋದೇ." ನನಗೆ ಬೇಕಾಗಿದ್ದುದೂ ಅದೇ. ಹತ್ತು ಸಂಖ್ಯೆ, ಹತ್ತಕ್ಕೂ ಹಿಂದೆ ಮೈನಸ್.

ಈ ಪಟ್ಟಿಯನ್ನು ಎರಡೂ ಪ್ರೋಗ್ರಾಂಗಳಿಗೆ ಕೊಟ್ಟು ಯಂತ್ರದಲ್ಲಿ ಓಡಿಸಿ ನೋಡಿ ಎಂದು ಸಂಸ್ಥೆಗೆ ಬರೆದೆ. ಅಂಚೆ ವಿದ್ಯಾರ್ಥಿಗಳಿಗೆ ಯಂತ್ರದ ಸಮಯ ಕೊಡುವುದಿಲ್ಲ, ಬೇಕಾದವರು ಖುದ್ದಾಗಿ ಬರಬೇಕು ಎಂದರು. ಬರಲಾರಳು ಎಂದುಕೊಂಡಿರಬೇಕು. ನಾನು ಎರಡು ದಿನ ರಜೆ ಕೇಳಿದೆ. ಯಾರ ಮದುವೆ ಎಂದು ಸೂಪರ್‌ವೈಸರ್ ಕೇಳಿದರು. ಮದುವೆಯಲ್ಲ, ಜಗಳ ಎಂದೆ. ಅವರು ಸಹಿ ಹಾಕಿದರು.

ಬೆಂಗಳೂರಿನಲ್ಲಿ ಕಂಪ್ಯೂಟರ್ ಇಟ್ಟಿದ್ದ ಕೋಣೆಯ ಹೊರಗೆ ಚಪ್ಪಲಿ ಬಿಡಿಸಿದರು. ಒಳಗೆ ಮೈ ನಡುಗುವಷ್ಟು ತಣ್ಣಗಿತ್ತು. ಕೆಂಪು ಶಾಯಿಯವರು ನನಗಿಂತ ಚಿಕ್ಕ ವಯಸ್ಸಿನವರು, ಆಗಷ್ಟೇ ಎಂ.ಎಸ್ಸಿ. ಮುಗಿಸಿದವರು. ಕಾರ್ಡುಗಳಲ್ಲಿ ರಂಧ್ರ ಹಾಕುವ ಯಂತ್ರದ ಮುಂದೆ ಕೂರಿಸಿದರು. ಒಂದು ಸಾಲಿಗೆ ಒಂದು ಕಾರ್ಡು. ಒಂದೊಂದೇ ಬೆರಳಲ್ಲಿ ಒತ್ತಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಕಾರ್ಡಿನ ಕಟ್ಟು ಒಳಗೆ ಹೋಗಿ ಹೊರಬಂದ ಕಾಗದದಲ್ಲಿ ಉತ್ತರ ಇರಲಿಲ್ಲ, ಬರೀ ತಪ್ಪಿನ ಸೂಚನೆ ಇತ್ತು. ಸೊನ್ನೆ ಒತ್ತಬೇಕಾದ ಕಡೆ ನಾನು ಓ ಅಕ್ಷರ ಒತ್ತಿದ್ದೆ. ಮುಖ್ಯಸ್ಥರು ಅಲ್ಲೇ ನಿಂತು ನೋಡುತ್ತಿದ್ದರು. ಮುಖ ಬಿಸಿಯಾಯಿತು. ಆದರೂ ಎದ್ದು ಬರಲಿಲ್ಲ. ಆ ಕಾರ್ಡನ್ನು ಹರಿದು ಹೊಸದು ಮಾಡಿ ಮತ್ತೆ ಕೊಟ್ಟೆ.

ಈ ಸಲ ಅವರ ಪ್ರೋಗ್ರಾಂ ಸೊನ್ನೆ ಎಂದಿತು. ನನ್ನದು ಎಲ್ಲಕ್ಕಿಂತ ಕಡಿಮೆ ನೀರು ಇಳಿದ ದಿನದ ಅಂಕಿಯನ್ನು, ಮೈನಸ್ ಸಮೇತ, ಕೊಟ್ಟಿತು.

ಮುಖ್ಯಸ್ಥರು ಕಾಗದವನ್ನು ಎರಡು ಸಲ ಓದಿದರು. "ಇಂಥದ್ದು ಎಲ್ಲೋ ಅಪರೂಪಕ್ಕೆ ಬರುತ್ತೆ" ಎಂದರು.

"ಅಪರೂಪ ಅಲ್ಲ ಸಾರ್. ನಮ್ಮ ಕಡೆ ಬ್ಯಾಸಿಗೆ ಪ್ರತಿ ವರ್ಷ ಬರ್ತೈತೆ" ಎಂದೆ.

ಅಂಕ ವಾಪಸ್ ಕೊಟ್ಟರು. ಬಾಗಿಲವರೆಗೆ ಬಂದ ಕೆಂಪು ಶಾಯಿಯವರು, ಸೊನ್ನೆಯ ಬಗ್ಗೆ ಬರೆದ ಮೊದಲ ಪತ್ರದಲ್ಲೇ ನೀವು ಸರಿ ಅಂತ ಗೊತ್ತಾಗಿತ್ತು, ಮಾದರಿ ಉತ್ತರ ಸಾಹೇಬರದು, ನಾನು ಹೇಗೆ ಹೇಳಲಿ ಎಂದು ಮೆಲ್ಲಗೆ ಹೇಳಿದರು. ಅವತ್ತು ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆ ಮಾತಿಗೆ. ಕೆಲಸ ಉಳಿಯಲಿ ಬಿಡಲಿ, ಗೊತ್ತಿದ್ದ ಮೇಲೆ ಹೇಳಬೇಕಿತ್ತು ಎಂದು ಅಂದುಬಿಟ್ಟೆ. ಅವರು ತಲೆ ತಗ್ಗಿಸಿದರು. ಹಾಗೆ ಅನ್ನಬಾರದಿತ್ತೇನೋ ಎಂದು ತುಮಕೂರು ದಾಟುವವರೆಗೂ ಯೋಚಿಸಿದೆ.

ಉಳಿದ ಪಾಠಗಳನ್ನು ಮಳೆಗಾಲದ ಹೊತ್ತಿಗೆ ಮುಗಿಸಿದೆ. ಸರ್ಟಿಫಿಕೇಟು ಬಂತು. ಅದರಲ್ಲಿ ನನ್ನ ಹೆಸರಿನ ಮುಂದೆ ಮಿಸ್ಟರ್ ಎಂದು ಅಚ್ಚಾಗಿತ್ತು. ಅವ್ವನಿಗೆ ಓದಿ ಹೇಳಿದೆ. "ಇರ್ಲಿ ಇಟ್ಕಳೇ. ಯಾರು ನೋಡ್ತಾರೆ?" ಎಂದಳು. ನಾನು ನೋಡುತ್ತೇನಲ್ಲ ಎಂದು ಹೇಳಿ ಮರುದಿನವೇ ವಾಪಸ್ ಕಳಿಸಿದೆ. ತಿದ್ದಿ ಬರಲು ಎರಡು ತಿಂಗಳು ಹಿಡಿಯಿತು. ಹಳೆಯದನ್ನೇ ಕೆರೆದು, ಆ ಜಾಗದಲ್ಲಿ ಮಿಸ್ ಎಂದು ಟೈಪು ಮಾಡಿದ್ದರು. ಕೆರೆದ ಕಡೆ ಕಾಗದ ತೆಳ್ಳಗಾಗಿತ್ತು. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ.