ಅವಳ ವಿಳಾಸಕ್ಕೆ ನಾನು ಹಾಕಿದ ಫಿಲ್ಟರ್

ಇಮೇಲ್‌ಗೆ ಫಿಲ್ಟರ್ ಹಾಕುವುದನ್ನು ನಾನು ಕಲಿತದ್ದು ನನಗೆ ಕಂಡರಾಗದ ಒಬ್ಬ ಹುಡುಗಿಯಿಂದ. ಕಂಡರಾಗದ ಎಂದು ಈಗ ಬರೆಯಬಲ್ಲೆ. ಆಗ ಯಾರಾದರೂ ಹಾಗೆಂದಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ.

ವಿರಾಜಪೇಟೆಯ ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನ ಆಫೀಸಿನಲ್ಲಿ ನನಗೆ ಹದಿನಾರು ವರ್ಷದ ನೌಕರಿ. ಮೂರ್ನಾಡಿನಿಂದ ಬಸ್ಸಿನಲ್ಲಿ ಬಂದು ಕೂತರೆ, ಎಸ್ಟೇಟಿನವರು, ಲಾರಿಯವರು, ಕಾಫಿ ಕೊಳ್ಳುವವರು ಕಳಿಸಿದ ಮೇಲ್‌ಗಳನ್ನೆಲ್ಲ ಓದಿ ಯಾರ್‍ಯಾರಿಗೆ ಮುಟ್ಟಿಸಬೇಕೋ ಮುಟ್ಟಿಸುವುದು ನನ್ನ ಕೆಲಸ. ನಾನು ಯಾವುದನ್ನೂ ಅಳಿಸುತ್ತಿರಲಿಲ್ಲ, ಯಾವುದನ್ನೂ ಎತ್ತಿಡುತ್ತಲೂ ಇರಲಿಲ್ಲ. ಎಲ್ಲ ಇನ್‌ಬಾಕ್ಸಿನಲ್ಲೇ ಬಿದ್ದಿರುತ್ತಿದ್ದವು. ಮ್ಯಾನೇಜರ್ ಸಾಹೇಬರು ತಮ್ಮ ಕೋಣೆಯಿಂದಲೇ, "ಕಳೆದ ವಾರ ತೇವಾಂಶ ಜಾಸ್ತಿ ಅಂತ ತಕರಾರು ಬರೆದವರು ಯಾರಮ್ಮ?" ಎಂದು ಕೂಗಿದರೆ ನಾನು ಕಂಪ್ಯೂಟರ್ ಮುಟ್ಟದೆ ಉತ್ತರ ಹೇಳುತ್ತಿದ್ದೆ. ಆ ಕೂಗಿಗಾಗಿಯೇ ನಾನು ಆಫೀಸಿಗೆ ಬರುತ್ತಿದ್ದೆ ಎಂದರೂ ತಪ್ಪಿಲ್ಲ.

ಆ ಹುಡುಗಿ ನಮ್ಮ ಆಫೀಸಿಗೆ ಹೊಸದಾಗಿ ಸೇರಿದವಳು, ಕೇರಳದ ಗಡಿಯ ಕುಟ್ಟದವಳು. ಮನೆಮಾತು ಮಲಯಾಳ, ಕನ್ನಡ ಮಾತಾಡುವಾಗ ಸ್ವಲ್ಪ ರಾಗ ಎಳೆಯುತ್ತಿದ್ದಳು. ಸೇರಿದ ಎರಡನೇ ವಾರಕ್ಕೇ ಅವಳ ಇನ್‌ಬಾಕ್ಸ್ ಬೆಳಿಗ್ಗೆ ಹನ್ನೊಂದಕ್ಕೆಲ್ಲ ಖಾಲಿ. ಮೊದಮೊದಲು ಅವಳಿಗೆ ಕೆಲಸವೇ ಇಲ್ಲವೆಂದುಕೊಂಡೆ. ಆಮೇಲೆ ಗೊತ್ತಾಯಿತು, ದಿನದ ಬೆಲೆಪಟ್ಟಿ, ಜಾಹೀರಾತು, ಲಾರಿ ಬಂದ ಸುದ್ದಿ ಎಲ್ಲವಕ್ಕೂ ಅವಳು ಫಿಲ್ಟರ್ ಹಾಕಿಟ್ಟಿದ್ದಳು. ಬಂದದ್ದು ಬಂದ ಹಾಗೆಯೇ ತನ್ನಷ್ಟಕ್ಕೆ ಆರ್ಕೈವ್‌ಗೆ ಹೋಗಿ ಕೂರುತ್ತಿತ್ತು. ಅಳಿಸಿಹೋಗುವುದಿಲ್ಲ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಉಳಿದ ಮುಖ್ಯವಾದವನ್ನು ಐದು ಸಾಲಿನಲ್ಲಿ ಬರೆದು ದಿನಾ ಸಂಜೆ ಎಲ್ಲರಿಗೂ ಕಳಿಸುತ್ತಿದ್ದಳು. ಅದಕ್ಕೆ ಸಾಹೇಬರು ಎಲ್ಲರಿಗೂ ಕಾಣುವ ಹಾಗೆ 'ವೆರಿ ಗುಡ್' ಎಂದು ಉತ್ತರ ಬರೆಯುತ್ತಿದ್ದರು. ಹದಿನಾರು ವರ್ಷದಲ್ಲಿ ನನಗೆ ಒಂದು ಸಲವೂ ಅವರು ಹಾಗೆ ಬರೆದವರಲ್ಲ. ಕೋಣೆಯಿಂದ ನನ್ನನ್ನು ಕೂಗುವುದೂ ನಿಂತುಹೋಯಿತು.

ಒಂದು ದಿನ ಅವರೇ ಬಂದು, "ನೀವೂ ಅವಳ ಹತ್ರ ಕಲ್ತುಕೊಳ್ಳಿ," ಎಂದರು. ಅವಳು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು.

"ಯಾರಿಂದ ಬಂದದ್ದು ಅಂತ ಇಲ್ಲಿ ಹಾಕಿ ಅಕ್ಕ. ಇಲ್ಲಿ ಒತ್ತಿದ್ರೆ ಇನ್‌ಬಾಕ್ಸಿಗೆ ಬರೋದಿಲ್ಲ. ಓದಿದ್ದು ಅಂತಲೇ ಆಗಿಬಿಡ್ತದೆ. ಸುಲಭ ಉಂಟು."

ಅವಳ ಬೆರಳು ನನ್ನ ಮೌಸಿನ ಮೇಲೆ ಓಡುವುದನ್ನು ನೋಡುತ್ತ ಹೂಂ ಹೂಂ ಎನ್ನುತ್ತಿದ್ದೆ. ಕಲಿತದ್ದು ಮಾತ್ರ ಚೆನ್ನಾಗಿಯೇ ಕಲಿತೆ. ಮರುದಿನ ಯಾರ ನೆರವೂ ಇಲ್ಲದೆ ನಾನೇ ಹಾಕಿದ ಮೊದಲ ಫಿಲ್ಟರ್ ಅವಳ ವಿಳಾಸಕ್ಕೆ, ಅವಳ ಐದು ಸಾಲಿಗೆ ಬರುವ ಉತ್ತರವನ್ನೂ ಸೇರಿಸಿ. ಸಂಜೆ ಅವಳ ಐದು ಸಾಲು ಬರಲಿಲ್ಲ, ಸಾಹೇಬರ ಹೊಗಳಿಕೆಯೂ ಅದರ ಜೊತೆಗೇ ಮರೆಯಾಗಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಷ್ಟು ಸಂತೋಷವಾಯಿತು.

ಮೂರು ವಾರ ಹಾಗೇ ನಡೆಯಿತು. ಏನಾದರೂ ಕೆಲಸವಿದ್ದರೆ ಅವಳು ಮೇಜಿನ ಹತ್ತಿರವೇ ಬಂದು ಹೇಳುತ್ತಿದ್ದಳು. ಆಮೇಲೆ ನಾಲ್ಕು ದಿನ ರಜೆ ಹಾಕಿದಳು. ಆ ಶುಕ್ರವಾರ ಊಟದ ಹೊತ್ತಿನಲ್ಲಿ, ಭಾನುವಾರ ಜೀಪು ಎಷ್ಟು ಗಂಟೆಗೆ ಹೊರಡಬೇಕು ಎಂದು ಉಳಿದವರು ಮಾತಾಡಿಕೊಳ್ಳುವುದು ಕಿವಿಗೆ ಬಿತ್ತು. ಕುಟ್ಟದಲ್ಲಿ ಅವಳ ನಿಶ್ಚಿತಾರ್ಥ. ಆಫೀಸಿಗೆ ಆಫೀಸೇ ಹೊರಟಿತ್ತು. ನನ್ನನ್ನು ಅವಳು ಕರೆದಿರಲಿಲ್ಲ.

ಕೇಳಬಹುದಿತ್ತು. ಟೈಪಿಂಗಿನವಳು, "ನೀವು ಎಲ್ಲಿ ಹತ್ತುತ್ತೀರಿ?" ಎಂದು ಕೇಳಿದ್ದಕ್ಕೆ, ನನಗೆ ಬೇರೆ ಕೆಲಸವಿದೆ ಎಂದೆ. ಭಾನುವಾರ ಇಡೀ ದಿನ ಹಿತ್ತಿಲಲ್ಲಿ ಕಳೆ ಕಿತ್ತೆ. ನಿನ್ನೆ ಮೊನ್ನೆ ಬಂದ ಗೇಟಿನ ವಾಚರನ್ನೂ ಕರೆದವಳಿಗೆ ನಾನು ಬೇಡವಾದೆನೇ ಎಂಬ ಮಾತು ಬಿಟ್ಟು ಬೇರೇನೂ ತಲೆಯಲ್ಲಿರಲಿಲ್ಲ. ಅವಳ ಸೀರೆ ಯಾವ ಬಣ್ಣದ್ದಿರಬಹುದು ಎಂದು ಕೂಡ ಯೋಚಿಸಿದೆ.

ಸೋಮವಾರ ಅವಳು ಲಡ್ಡು ತಂದು ನನ್ನ ಮೇಜಿನ ಮೇಲಿಟ್ಟಳು.

"ಅಕ್ಕ ಬರ್ಲಿಲ್ಲ."

"ಕರೆದ್ರೆ ತಾನೇ ಬರೋದು?"

ಅವಳ ಮುಖ ಸಪ್ಪಗಾಯಿತು. "ಆಫೀಸಿನವರಿಗೆಲ್ಲ ಮೇಲ್‌ನಲ್ಲೇ ಅಲ್ವಾ ಕರೆದದ್ದು. ನಿಮಗೆ ಬೇರೆನೇ ಒಂದು ಬರೆದಿದ್ದೆ ಅಕ್ಕ."

"ನಂಗೆ ಯಾವ್ದೂ ಬಂದಿಲ್ಲ ಕಣೇ," ಎಂದೆ. ಹೇಳುವಾಗ ನಿಜವೆಂದೇ ಹೇಳಿದೆ. ಹೇಳಿದ ಮೇಲೆ ನೆನಪಾಯಿತು.

"ನಾನು ಕಲಿಸಿದ್ದರಲ್ಲಿ ಏನೋ ತಪ್ಪಾಗಿರ್ಬೇಕು. ನೋಡ್ತೇನೆ, ಇರಿ," ಎಂದು ಅವಳು ಬಗ್ಗಿ ನನ್ನ ಕೈಯಿಂದ ಮೌಸ್ ತೆಗೆದುಕೊಂಡಳು. ಬೇಡ ಎನ್ನುವಷ್ಟರಲ್ಲಿ ಫಿಲ್ಟರುಗಳ ಪಟ್ಟಿ ತೆರೆದಿತ್ತು. ಬೆಲೆಪಟ್ಟಿ, ಜಾಹೀರಾತು, ಲಾರಿ, ಕೊನೆಯಲ್ಲಿ ಅವಳ ವಿಳಾಸ.

ಅವಳು ಮೌಸಿನ ಬಾಣವನ್ನು ಆ ಸಾಲಿನ ಮೇಲೆ ತಂದಿಟ್ಟು ಮೆಲ್ಲಗೆ ಕೇಳಿದಳು: "ಇದನ್ನ ತೆಗಿಬೇಕಾ, ಇರ್ಲಿಯಾ ಅಕ್ಕ?"

"ತೆಗಿ," ಎಂದೆ.

ತೆಗೆದು ತನ್ನ ಜಾಗಕ್ಕೆ ಹೋದಳು. ನಾನು ಆ ಮೇಲ್ ಹುಡುಕಿದೆ. ಆಫೀಸಿನಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆಯುವವಳು ಅದೊಂದನ್ನು ಕನ್ನಡದಲ್ಲಿ ಬರೆದಿದ್ದಳು. ಹ್ರಸ್ವ ದೀರ್ಘ ಎಲ್ಲ ಅದಲುಬದಲಾಗಿತ್ತು. ತನಗೆ ಒಡಹುಟ್ಟಿದ ಅಕ್ಕ ಇಲ್ಲ, ಉಂಗುರ ಹಾಕುವಾಗ ಅಕ್ಕನ ಜಾಗದಲ್ಲಿ ನೀವು ಪಕ್ಕಕ್ಕೆ ನಿಲ್ಲುತ್ತೀರಾ ಎಂದು ಕೇಳಿದ್ದಳು. 'ಬಾಯಲ್ಲಿ ಕೇಳಲಿಕ್ಕೆ ನಾಚಿಕೆ. ಆಗುವುದಿಲ್ಲ ಅಂತಾದರೆ ಉತ್ತರ ಬೇಡ, ನನಗೆ ಬೇಸರ ಇಲ್ಲ.' ನಾನು ಉತ್ತರ ಕೊಟ್ಟಿರಲಿಲ್ಲ. ಓದದೆಯೇ ಅದು ಓದಿದ್ದೆಂದು ಆಗಿತ್ತು.

ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಅವಳ ಹತ್ತಿರ ಹೋದೆ. ಸುಳ್ಳು ಹೇಳಲು ದಾರಿಗಳಿದ್ದವು, ಹೇಳಲಿಲ್ಲ. "ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತು ಕಣೇ. ಸಾಹೇಬ್ರು ನಿನ್ನ ಹೊಗಳೋದು ನೋಡಕ್ಕಾಗ್ತಿರ್ಲಿಲ್ಲ. ಅದಕ್ಕೇ ಹಾಕಿದ್ದು."

ಅವಳು ಡಬ್ಬಿಯ ಮುಚ್ಚಳ ತಿರುಗಿಸುತ್ತ, "ನಾನು ಕಲಿಸಿದ ದಿನವೇ ನನಗೆ ಹೇಳಿದ್ದಿದ್ರೆ ಆಗ್ತಿತ್ತು," ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಾಗಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಆಮೇಲೆ ಮಾತು ಬಿಡಲಿಲ್ಲ, ಅಕ್ಕ ಎನ್ನುವುದನ್ನೂ ಬಿಡಲಿಲ್ಲ. ಆದರೆ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು ಕೂರಲಿಲ್ಲ. ಮದುವೆಗೆ ಅಚ್ಚು ಹಾಕಿಸಿದ ಕರೆಯೋಲೆಯನ್ನು ಎಲ್ಲರ ಮೇಜಿನ ಮೇಲೂ ಇಟ್ಟಳು, ನನ್ನದರ ಮೇಲೂ. ಎಲ್ಲರ ಜೊತೆ ಜೀಪಿನಲ್ಲಿ ನಾನೂ ಹೋದೆ. ಮಂಟಪದಲ್ಲಿ ಅವಳ ಪಕ್ಕ, ಅಕ್ಕನ ಜಾಗದಲ್ಲಿ, ಯಾರೋ ನೆಂಟರ ಪೈಕಿ ಹೆಂಗಸು ನಿಂತಿದ್ದಳು, ನನ್ನದೇ ವಯಸ್ಸಿನವಳು. ಮದುಮಗಳ ಮುಡಿಯಿಂದ ಜಾರಿದ ಮಲ್ಲಿಗೆಯನ್ನು ಆ ಹೆಂಗಸು ಎತ್ತಿ ಸಿಕ್ಕಿಸಿದಳು. ಮದುಮಗಳು ಕತ್ತು ವಾಲಿಸಿ ಆ ಹೆಂಗಸಿನ ಕಿವಿಯಲ್ಲಿ ಏನೋ ಹೇಳಿದಳು, ಇಬ್ಬರೂ ನಕ್ಕರು.

ಫೋಟೋಗೆ ನಿಂತಾಗ ಅವಳು ನನ್ನ ಕೈ ಹಿಡಿದು, "ಊಟ ಮಾಡಿಕೊಂಡೇ ಹೋಗ್ಬೇಕು ಅಕ್ಕ," ಎಂದಳು. ನನ್ನ ಹಿಂದೆ ಬಂದ ಟೈಪಿಂಗಿನವಳಿಗೂ ಅದನ್ನೇ ಹೇಳಿದಳು. ಊಟಕ್ಕೆ ಕೂತೆ. ಎಲೆಯ ಮೇಲೆ ಏನೇನು ಬಡಿಸಿದರೋ ನೆನಪಿಲ್ಲ. ನನ್ನ ಕಣ್ಣು ಮಾತ್ರ ಆ ಹೆಂಗಸು ಹೋದಲ್ಲೆಲ್ಲ ಹೋಗುತ್ತಿತ್ತು.