ಹಾಡಿಲ್ಲದ ಪಾರ್ಟು

ನಮ್ಮ ಸೋದರಮಾವ ಪಂಪಣ್ಣ ಊಟಕ್ಕೆ ಕೂತರೂ ಒಂದು ಮೊಣಕಾಲು ಎತ್ತಿಟ್ಟೇ ಕೂರುತ್ತಿದ್ದ, ಈಗಲೇ ಎದ್ದು ಓಡುವವನ ಹಾಗೆ. ಕುರುಗೋಡಿನ ಬಸ್ ನಿಲ್ದಾಣಕ್ಕೂ ಗುಡಿಗೂ ದಿನವಿಡೀ ಸುಮ್ಮನೆ ಅಲೆಯುತ್ತಿದ್ದ. "ಕಾಲಿಗೆ ಚಕ್ರ ಕಟ್ಕೊಂಡಾನ" ಎಂದು ಅವ್ವ ಬೈಯುತ್ತಿದ್ದಳು.

ಮೊದಲು ಹೀಗಿರಲಿಲ್ಲ. ನಾಟಕ ಕಂಪನಿಯಲ್ಲಿ ಹಾಡಿ ಹೆಸರು ಮಾಡಿದವನು. ಗಂಟಲ ಬೇನೆಯಿಂದ ದನಿ ಒಡೆದ ಮೇಲೆ ರಂಗ ಹತ್ತಲಿಲ್ಲ. ಸಿರುಗುಪ್ಪದಲ್ಲಿ ನಾಟಕ ಆಡಿಸುತ್ತಿದ್ದ ಗೆಳೆಯ ಬಸಣ್ಣ ಬರೀ ಮಾತಿನ ಪಾರ್ಟಿಗೆ ಕರೆದರೆ ಉರಿದು ಬೀಳುತ್ತಿದ್ದ. "ಹಾಡಿಲ್ಲದ ಪಾರ್ಟು ಅಂದ್ರ ಉಪ್ಪಿಲ್ಲದ ಸಾರು. ನನಗ ಬ್ಯಾಡಲೇ!" ಆಮೇಲೆ ಮನೆಯಲ್ಲಿ ಒದ್ದಾಡುತ್ತಿದ್ದ. ಅಯ್ಯೋ, ನೋಡಲಾಗುತ್ತಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ಬಳ್ಳಾರಿಗೆ ಒಂದು ಹಳೆಯ ಕಪ್ಪುಬಿಳುಪಿನ ಕೊಲೆ ಸಿನಿಮಾ ಬಂತು. ಮಾವ ರೇಡಿಯೊಗೆ ಕಿವಿಯಂಟಿಸಿ ಕೇಳುತ್ತಿದ್ದ ಪ್ರಖ್ಯಾತ ಹಿಂದಿ ಗಾಯಕನೇ ಅದರಲ್ಲಿ ಕೊಲೆಗಾರ. "ನಡಿ ಅಳಿಯಾ, ಹಾಡು ಕೇಳೂಣು" ಎಂದು ನನ್ನನ್ನು ಮ್ಯಾಟ್ನಿಗೆ ಎಳೆದೊಯ್ದ. ಇಂಟರ್‌ವಲ್ ಕಳೆದರೂ ಒಂದು ಹಾಡಿಲ್ಲ!

"ಥೂ, ಹಾಡಾವಗ ಹಾಡೇ ಕೊಟ್ಟಿಲ್ಲಲ್ಲೋ! ಏಳು, ಹೋಗೂಣು."

"ಕುಂದ್ರು ಮಾವಾ, ಹಿಂದಿನವರು ಬೈಯಾಕ ಹತ್ಯಾರ."

ತೆರೆಯ ಮೇಲೆ, ಮೆಟ್ಟಿಲಲ್ಲಿ ಪೊಲೀಸರ ಬೂಟಿನ ಸದ್ದು. ಗಾಯಕ ಅಲುಗಾಡದೆ ಕೂತಿದ್ದ. ಮಾತಿಲ್ಲ. ಕಣ್ಣಲ್ಲಿ ಭಯ ಏರಿತು, ಇಳಿಯಿತು, ಕೊನೆಗೆ ತುಟಿಯ ಮೇಲೆ ಸಣ್ಣ ನಗು. ಮಾವ ನೋಯುವಷ್ಟು ಬಿಗಿಯಾಗಿ ನನ್ನ ಕೈ ಹಿಡಿದ.

"ಯಪ್ಪಾ! ಇಷ್ಟು ದಿವ್ಸ ಇದನ್ನ ಎಲ್ಲಿ ಮುಚ್ಚಿಟ್ಟಿದ್ನೋ ಇವ!"

ಮರಳುವಾಗ ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬಂದ. "ನನ್ನ ಕೈಲೆ ಆಗ್ತೈತೇನೋ?" ಎಂದು ಕೇಳಿ ಕೇಳಿ ನನ್ನ ತಲೆ ತಿಂದ.

ಸಿರುಗುಪ್ಪದ ಮುಂದಿನ ನಾಟಕದಲ್ಲಿ, ಮಗ ಸತ್ತ ಸುದ್ದಿ ಕೇಳಿ ಮೂಕನಾಗಿ ಕೂರುವ ಅಪ್ಪನ ಪಾರ್ಟು ಹಿಡಿದ. ನಮ್ಮ ಕಡೆ ಹಾಡು ಮನಸ್ಸಿಗೆ ಬಂದರೆ ಜನ 'ಒನ್ಸ್ ಮೋರ್' ಕೂಗುತ್ತಾರೆ, ನಟ ಮತ್ತೆ ಹಾಡಲೇಬೇಕು. ಮಾವ ಕೂತ. ಒಬ್ಬರೂ ಕೆಮ್ಮಲಿಲ್ಲ. ಆಗ ಹಿಂದಿನಿಂದ ಯಾರೋ ಕೂಗಿದರು: "ಒನ್ಸ್ ಮೋರ್!"

ಕೆಲವರು ನಕ್ಕರು. ಮಾವ ನಗಲಿಲ್ಲ. ಎದ್ದು ಒಳಗೆ ಹೋಗಿ, ಮತ್ತೆ ಬಂದು, ಅದೇ ಸುದ್ದಿ ಮತ್ತೆ ಕೇಳಿ, ಮತ್ತೆ ಕೂತ. ಈ ಸಲ ನಕ್ಕವರೂ ಅತ್ತರು. ನಾನಂತೂ ಬಿಕ್ಕಿ ಬಿಕ್ಕಿ ಅತ್ತೆ.

ಒಂದೆರಡು ವರ್ಷ ಪಾರ್ಟಿನ ಮೇಲೆ ಪಾರ್ಟು. ಅಷ್ಟರಲ್ಲಿ ಬೇನೆ ಮರಳಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಕೊನೆಯ ಸಲ ಕಂಡಾಗ, ಇದ್ದ ಒಡಕು ದನಿಯೂ ಹೋಗಿತ್ತು. ಜತೆಗೆ ಬಂದಿದ್ದ ಬಸಣ್ಣ ತಡವರಿಸಿದ: "ಪಂಪಾ, ಹೊಸ ನಾಟಕದ ಪಾರ್ಟು ಬ್ಯಾರೇದವರಿಗೆ ಕೊಡ್ಲೇನು?"

ಮಾವ ಬೇಡವೆಂದು ಜೋರಾಗಿ ತಲೆಯಾಡಿಸಿ, ಅದು ನನ್ನದೇ ಎನ್ನುವಂತೆ ತನ್ನ ಎದೆ ತಟ್ಟಿಕೊಂಡ. ಬಸಣ್ಣ ಆ ಪಾರ್ಟನ್ನು ಯಾರಿಗೂ ಕೊಡಲಿಲ್ಲ. ನಾಟಕಕ್ಕೆ ಇನ್ನೂ ದಿನಗಳಿದ್ದವು, ಮಾವನಿಗೆ ಇರಲಿಲ್ಲ.